ಓಡಿ ಬಂದವರ ತೋಳು

ಹನೂರು
24 ನವೆಂಬರ್ 2025

ನನ್ನ ಮುದ್ದು ಅಜ್ಜೀ,

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಮದರಂಗಿ ಉಗುರ ತುದಿಯಲ್ಲಿ ಹಾಗೇ ಇದೆ, ಆಗಲೇ ನಿನಗೆ ಕಾಗದ ಬರೆಯಲು ಕೂತಿದ್ದೇನೆ ನೋಡು! ಮೊನ್ನೆ ವೀಡಿಯೊ ಕಾಲ್ ಮಾಡಿದಾಗ ನೀನು ಮಾದಸ್ವಾಮಿ ಮಾವನ ಕಡೆ ತಿರುಗಿ, "ಯಾಕ್ಲಾ ಈ ಎಣ್ಣು ಮೀನಂಗೆ ಬಾಯಿ ಬುಡ್ತಾ ಅವ್ಳೆ?" ಎಂದು ಕೇಳಿದೆ. ನಿನಗೆ ಕಿವಿ ಕೇಳಿಸದಿದ್ದರೇನು, ನನಗೆ ಚೆನ್ನಾಗಿ ಕೇಳಿಸಿತು. ನಕ್ಕು ನಕ್ಕು ಸಾಕಾಯಿತು. ಆಮೇಲೆ ಅನ್ನಿಸಿತು, ನಿನ್ನ ಕಣ್ಣು ಇನ್ನೂ ಚುರುಕಾಗಿದೆ, ನಾಲ್ಕನೇ ಕ್ಲಾಸಿನ ಓದು ಇನ್ನೂ ಮರೆತಿಲ್ಲ, ಇನ್ನು ಮೇಲೆ ನಮಗೆ ಕಾಗದವೇ ಸರಿ. ಕೊಳ್ಳೇಗಾಲದ ಕಾನ್ವೆಂಟಿನಲ್ಲಿ ಓದಿದವಳ ಕನ್ನಡ ಇದು, ಬೈಯಬೇಡ.

ದೇವರಾಜು ಚೆನ್ನಾಗಿದ್ದಾರೆ. ಗಂಡನ ಹೆಸರು ಬರೆಯುತ್ತೀಯಾ ಅಂತ ಗದರಬೇಡ, ಬರೆಯುವಾಗ ಎಷ್ಟು ಖುಷಿಯಾಗುತ್ತದೆ ಗೊತ್ತಾ? ಇನ್ನೊಂದು ಸಲ ಬರೆಯುತ್ತೇನೆ. ದೇವರಾಜು! ಬೆಳಿಗ್ಗೆ ದನದ ಡಾಕ್ಟರ ಬ್ಯಾಗು ಹಿಡಿದು ಶಾಗ್ಯದ ಕಡೆ ಹೋದರೆ ಸಂಜೆಗೆ ಕರುವಿನ ವಾಸನೆ ಹೊತ್ತು ಬರುತ್ತಾರೆ. ಹೆಣ್ಣು ನೋಡಲು ಬಂದ ದಿನ ನನ್ನ ಕೆಲಸದ ಬಗ್ಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಆಟದಲ್ಲಿ ಹಸು ಇದೆಯಾ?" ಮಾರನೇ ದಿನವೇ ಆಟಕ್ಕೆ ಒಂದು ಹಸು ಸೇರಿಸಿದೆ. ಇವರನ್ನೇ ಮದುವೆಯಾಗುವುದು ಅಂತ ಅವತ್ತೇ ಗೊತ್ತಾಗಿತ್ತು.

ನಾನು ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ. ಮೈಸೂರಿನ ಆಫೀಸಿಗೆ ತಿಂಗಳಿಗೊಮ್ಮೆ ಹೋದರೆ ಸಾಕು. ಅತ್ತೆ ಪಕ್ಕದ ಮನೆಯವರಿಗೆ, "ನಮ್ ಸೊಸೆ ಮ್ಯಾಲ್ಗಡೆ ಕೂತ್ಕಂಡು ಕಂಪ್ಯೂಟ್ರಲ್ಲಿ ಮಾಟ ಮಾಡ್ತಾಳೆ ಕಣ್ರವ್ವ, ಅದ್ಕೆ ಸಂಬ್ಳಾನೂ ಕೊಡ್ತಾರಂತೆ" ಎಂದದ್ದು ಕಿಟಕಿಯಿಂದ ಕೇಳಿಸಿತು. ಈ ಬೀದಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. 'ದನದ ಡಾಕ್ಟ್ರ ಎಂಡ್ರು' ಅಷ್ಟೇ.

ಮಾಟದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಕಂಪನಿ ಹೊಸ ಆಟ ಮಾಡುತ್ತಿದೆ. ಟಿವಿಯ ಮೇಲೆ ಆಡುವುದು. ಕಾಡು, ಕೋಟೆ, ರಾಕ್ಷಸರು. ಬೇರೆ ಬೇರೆ ಊರಿನವರು ಅವರವರ ಮನೆಯಲ್ಲೇ ಕೂತು, ಕಥೆಯ ಪಾತ್ರಗಳಾಗಿ ಒಟ್ಟಿಗೆ ಅಲೆಯಬಹುದು. ಅದರಲ್ಲಿ ಮಂತ್ರ ಹಾಕುವ ಒಂದು ಹೊಸ ವಿಧಾನ ಸೂಚಿಸು ಎಂದು ನಮ್ಮ ತಂಡದ ಮುಖ್ಯಸ್ಥರಾದ ಪ್ರಭುಸ್ವಾಮಿ ಸರ್ ನನಗೆ ಹೇಳಿದ್ದಾರೆ. ನನಗೆ! ಈಗಿರುವ ಆಟಗಳಲ್ಲೆಲ್ಲ ಒಂದೇ ಕಥೆ. ಗುಂಡಿ ಒತ್ತಿದರೆ ಬೆಂಕಿ ಹಾರುತ್ತದೆ, ಪರದೆಯ ಮೂಲೆಯಲ್ಲಿರುವ ನೀಲಿ ಪಟ್ಟಿ ಸಣ್ಣದಾಗುತ್ತದೆ, ಒಂದು ಬಾಟಲಿ ಕುಡಿದರೆ ಪಟ್ಟಿ ಮತ್ತೆ ತುಂಬುತ್ತದೆ. ಯೋಚಿಸಿ ಯೋಚಿಸಿ ತಲೆ ಕೆಟ್ಟು ಕೂತಿದ್ದಾಗ ನೀನು ನೆನಪಾದೆ.

ನಾನು ಆಗ ಮೂರನೇ ಕ್ಲಾಸು. ಬೇಸಿಗೆ ರಜಕ್ಕೆ ಯಳಂದೂರಿಗೆ ಬಂದಿದ್ದೆ. ಗದ್ದೆಯಲ್ಲಿ ತಾತನಿಗೆ ಚೇಳು ಕುಟುಕಿತು. ಮಾವ ತಾತನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟವನು, "ನೀನು ಓಡೋಗಿ ಅವ್ವಂಗೆ ಏಳು" ಎಂದ. ನಾನು ಒಂದೇ ಉಸಿರಿಗೆ ಓಡಿ ಬಂದೆ. ನೀನು ತಾತನನ್ನು ನೋಡಲು ಎದ್ದು ಹೋಗಲಿಲ್ಲ. ಜಗಲಿಯ ಮೇಲೆ ಯಾವಾಗಲೂ ತಟ್ಟೆ ಮುಚ್ಚಿ ಇಟ್ಟಿರುತ್ತಿದ್ದ ಚೊಂಬಿನಿಂದ ನನಗೆ ನೀರು ಕೊಟ್ಟೆ. ನನ್ನ ತೋಳು ಹಿಡಿದು, ಬೇವಿನ ಸೊಪ್ಪಿನಿಂದ ಹೆಗಲಿಂದ ಕೆಳಕ್ಕೆ ನೀವುತ್ತಾ, ತುಟಿಯೊಳಗೇ ಏನೋ ಹೇಳುತ್ತಾ, ನಡುನಡುವೆ "ಎಲ್ಲಿಗಿಳೀತವ್ವ?" ಎಂದು ಕೇಳುತ್ತಿದ್ದೆ. ಮೊಣಕೈಗೆ ಬಂತು ಎಂದು ನಾನು ಹೇಳಿದ ನೆನಪು. ಆಮೇಲೆ ಮಣಿಕಟ್ಟಿಗೆ, ಆಮೇಲೆ ಬೆರಳಿಗೆ. "ಕೊಡ್ವು" ಎಂದು ನೀನು ಹೇಳಿದ ಕೂಡಲೇ ಕೈ ಕೊಡವಿದೆ. ಕುಟುಕಿದ್ದು ತಾತನಿಗೆ. ಆದರೆ ದೇವರಾಣೆಗೂ ಅವತ್ತು ನನ್ನ ತೋಳು ನೋಯುತ್ತಿತ್ತು, ಅಜ್ಜಿ!

ಅದನ್ನೇ ಆಟಕ್ಕೆ ತರಲಾ? ಗಾಯವಾದವನಿಗೆ ಮಂತ್ರ ಹಾಕುವುದಿಲ್ಲ, ಸುದ್ದಿ ತಂದವನಿಗೆ ಹಾಕುವುದು! ನಿನ್ನ ಒಪ್ಪಿಗೆ ಬೇಕು, ಅದರ ನಿಯಮಗಳೂ ಬೇಕು. ಬೇಗ ಬರಿ, ಬೇಗ ಬರಿ.

ನಿನ್ನನ್ನು ಬಿಗಿಯಾಗಿ ಅಪ್ಪಿಕೊಂಡು,
ಕೋಮಲ


ಯಳಂದೂರು
7-12-25

ಚಿ. ಸೌ. ಕೋಮಲಳಿಗೆ ರಾಚಮ್ಮಜ್ಜಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಇದ್ದಾರೆ. ಎಮ್ಮೆ ಮಾತ್ರ ಮುನಿಸಿಕೊಂಡಿದೆ, ನಿನ್ನ ಗಂಡನನ್ನು ಕೇಳಿ ಔಷಧಿ ಬರೆದು ಕಳಿಸು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆಟ ಎಂದರೆ ಏನೆಂದು ಪೂರ್ತಿ ತಿಳಿಯಲಿಲ್ಲ. ಬಾಟಲಿ ಕುಡಿದು ಮಂತ್ರ ಹಾಕುವುದು ತಿಳಿಯಿತು. ನಿನ್ನ ತಾತನೂ ಹಬ್ಬದಲ್ಲಿ ಹಾಗೆ ಹಾಕುತ್ತಿದ್ದರು.

ನಿಯಮ ಕೇಳಿದೆ, ಬರೆಯುತ್ತೇನೆ. ಕುಟುಕಿಸಿಕೊಂಡವರು ಮೊದಲು ಆಸ್ಪತ್ರೆಗೆ ಹೋಗಬೇಕು. ಇದನ್ನು ನನಗೆ ಮಂತ್ರ ಕೊಟ್ಟ ಮಹದೇವಯ್ಯ ಹೇಳಿದ್ದಲ್ಲ, ನಾನು ಸೇರಿಸಿದ್ದು. ಕುಟುಕಿಸಿಕೊಂಡವರು ಬರುವ ಹಾಗಿಲ್ಲ ಎಂದೇ ಓಡಿ ಬಂದವರ ತೋಳು ಹಿಡಿಯುವುದು. ಓಡಿ ಬಂದವರಿಗೆ ಮೊದಲು ನೀರು. ಕಾಸು ತೆಗೆದುಕೊಳ್ಳಬಾರದು, ಎಲೆ ಅಡಿಕೆಯನ್ನೂ ತೆಗೆದುಕೊಳ್ಳಬಾರದು. ಮಂತ್ರವನ್ನು ಕೇಳಿದವರಿಗೆ ಕೊಡಬೇಕು, ಕರೆದು ಕೊಡಬಾರದು. ಕೊಟ್ಟ ಮೇಲೆ ಅದು ಕೊಟ್ಟವರ ಹತ್ತಿರ ಇರುವುದಿಲ್ಲ.

ಆಟದಲ್ಲಿ ಹಾಕಿಕೋ. ನನ್ನ ಹೆಸರು ಹಾಕಬೇಡ, ಊರಿನವರು ನಗುತ್ತಾರೆ.

ಇಂತಿ ಅಜ್ಜಿ


ಹನೂರು
17 ಜನವರಿ 2026

ಅಜ್ಜೀ, ಅಜ್ಜೀ, ಅಜ್ಜೀ!

ಎಳ್ಳು ಬೆಲ್ಲ ತಲುಪಿತಾ? ಎಮ್ಮೆಯ ಮುನಿಸು ಹೋಯಿತಾ? ಔಷಧಿಯ ಹೆಸರು ಬರೆದುಕೊಡುವಾಗ ಇವರು, "ಅಜ್ಜಿಗೆ ಹೇಳು, ಎಮ್ಮೆಗೆ ಮುನಿಸಲ್ಲ, ಅಜೀರ್ಣ" ಎಂದರು. ನನ್ನ ಕಣ್ಣಿಗೆ ಆಗ ಎಷ್ಟು ಚೆನ್ನಾಗಿ ಕಂಡರು ಅಂತೀಯ!

ಮೈಸೂರಿಗೆ ಹೋಗಿ ಎಲ್ಲರ ಮುಂದೆ ನಮ್ಮ ಮಂತ್ರದ ಸೂಚನೆ ಮಂಡಿಸಿದೆ. ಗುಹೆಯೊಳಗೆ ಒಬ್ಬ ವಿಷ ತಾಗಿ ಬಿದ್ದಿರುತ್ತಾನೆ. ಜೊತೆಗಾರ ಕಾಡು ದಾಟಿ ಮಂತ್ರ ಬಲ್ಲವಳ ಜಗಲಿಗೆ ಓಡಬೇಕು. ಓಡುತ್ತಾ ಓಡುತ್ತಾ ಗೆಳೆಯನ ನೋವು ಅವನ ತೋಳಿಗೆ ಬರುತ್ತದೆ, ಅವನ ಕತ್ತಿ ಭಾರವಾಗುತ್ತದೆ. ಅವಳು ತೋಳು ಹಿಡಿದು 'ಎಲ್ಲಿಗೆ ಇಳಿಯಿತು' ಎಂದು ಕೇಳಬೇಕು, ಇವನು ಸರಿಯಾಗಿ ಹೇಳಬೇಕು, ಕೊನೆಗೆ ಕೈ ಕೊಡವಿದರೆ ಗುಹೆಯಲ್ಲಿ ಬಿದ್ದವನು ಎದ್ದು ಕೂರುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಜ್ಜಿ!

ಆದರೆ ಕೊನೆಯ ನಿಯಮ ಹೇಳಿದೆ ನೋಡು, ಪ್ರಭು ಸರ್ ತಲೆ ಅಲ್ಲಾಡಿಸಿದರು. "ಓಡೋದು ಸೂಪರ್, ಕೋಮಲಾ. ಆದ್ರೆ ಇನ್ನೊಬ್ಬರಿಗೆ ಹೇಳಿಕೊಟ್ರೆ ತನ್ನ ಹತ್ರ ಇರಲ್ಲ ಅನ್ನೋದು ಬೇಡ. ಕಷ್ಟಪಟ್ಟು ಗಳಿಸಿದ ಮಂತ್ರಾನ ಯಾರು ಬಿಟ್ಟುಕೊಡ್ತಾರೆ? ಜನ ಕೂಡಿಡೋಕೆ ಆಟ ಆಡ್ತಾರೆ, ಕಳ್ಕೊಳ್ಳೋಕಲ್ಲ." ಮಾರ್ಚ್ ಕೊನೆಯಲ್ಲಿ ಆಡಿ ನೋಡುವ ಹಾಗೆ ಮಾಡಿಕೊಂಡು ತರಬೇಕಂತೆ.

ಆ ಒಂದು ನಿಯಮ ಬಿಟ್ಟುಬಿಡಲಾ? ನಿನಗೆ ಬೇಜಾರಾಗುತ್ತದಾ? ಹಾಗೇ ಇನ್ನೊಂದು ಸಹಾಯ. ಮಂತ್ರದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಕಳಿಸುತ್ತೀಯಾ? ಆಟಕ್ಕೆ ಅದೇ ದನಿ ಕೂರಿಸೋಣ, ಮಸ್ತಾಗಿರುತ್ತದೆ!

ನಿನ್ನ ಮುದ್ದಿನ,
ಕೋಮಲ


ಯಳಂದೂರು
1-2-26

ಚಿ. ಸೌ. ಕೋಮಲಳಿಗೆ ಆಶೀರ್ವಾದ.

ಎಮ್ಮೆ ಹಾಲು ಕೊಡುತ್ತಿದೆ. ಡಾಕ್ಟರಿಗೆ ಹೇಳು.

ಮಾತು ಕಳಿಸುವುದಿಲ್ಲ. ಅದು ಕಾಗದಕ್ಕೆ ಬರುವುದಲ್ಲ. ನೀನು ಆಟಕ್ಕೆ ಕೇಳಿದೆ, ಆಟಕ್ಕೆ ಕೊಡುವ ಹಾಗಿಲ್ಲ.

ನಿಯಮ ಬಿಟ್ಟರೆ ನನಗೇನೂ ಇಲ್ಲ. ನಿನ್ನ ಸಾಹೇಬರು ಕೇಳಿದ್ದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಮಹದೇವಯ್ಯ ಯಾಕೆ ಕೊಟ್ಟರೋ ಕಾಣೆ. ನಾನು ಈ ಊರಿಗೆ ಮದುವೆಯಾಗಿ ಬಂದಾಗ ನಿನಗಿಂತ ಚಿಕ್ಕವಳು. ಬೀದಿಯಲ್ಲಿ ಹೋದರೆ 'ಯಾರ ಮನೆ ಸೊಸೆ' ಎಂದು ಕೇಳುತ್ತಿದ್ದರೇ ಹೊರತು ಹೆಸರು ಕೇಳಿದವರಿಲ್ಲ. ನೀರು ತರುವಾಗ ಮಹದೇವಯ್ಯ ಜನರ ತೋಳು ನೀವುವುದನ್ನು ನೋಡುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಕೇಳಿಬಿಟ್ಟೆ. ಗ್ರಹಣದ ದಿನ ಹೊಳೆಯಲ್ಲಿ ನಿಲ್ಲಿಸಿ ಕೊಟ್ಟರು. ಆಮೇಲೆ ಅವರ ಮನೆಗೆ ಯಾರು ಓಡಿ ಬಂದರೂ, "ನನ್ತವ ಇಲ್ಲ ಕಣ್ರಪ್ಪ, ರಾಚಮ್ಮನ ಮನೆಗೋಗಿ" ಎಂದು ಕಳಿಸುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆಲ್ಲ ನನ್ನ ಹೆಸರು ಗೊತ್ತಾಯಿತು.

ನಿನ್ನ ಕಾಲದಲ್ಲಿ ಅದೆಲ್ಲ ಯಾತಕ್ಕೆ. ನನ್ನ ಜೊತೆಗೇ ಹೋಗುತ್ತದೆ ಅಷ್ಟೇ. ಬಿಸಿಲು ಏರುತ್ತಿದೆ, ಚೇಳು ಹೊರಗೆ ಬರುವ ಕಾಲ. ಚಪ್ಪಲಿ ಹಾಕಿಕೊಂಡು ಓಡಾಡು.

ಇಂತಿ ಅಜ್ಜಿ


ಹನೂರು
17 ಫೆಬ್ರವರಿ 2026

ಅಜ್ಜಿ,

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟ ಮಾದಸ್ವಾಮಿ ಮಾವ ನಮ್ಮ ಮನೆಯಲ್ಲಿ ಊಟಕ್ಕೆ ನಿಂತಿದ್ದ. ಕಾಲಿನ ಬೊಬ್ಬೆ ತೋರಿಸಿ ಅತ್ತೆಯಿಂದ ಎರಡನೇ ಸಲ ಪಾಯಸ ಹಾಕಿಸಿಕೊಂಡ. ಅಜ್ಜಿ ಹೇಗಿದ್ದಾಳೆ ಎಂದು ಕೇಳಿದೆ.

"ನಿನ್ ಕಾಗ್ದ ಬತ್ತದೆ ಅಂತ ದಾರಿ ಕಾಯ್ತಾಳೆ. ಬಂದ್ಮ್ಯಾಕೆ ಓದ್ಕಂಡು ಮೊಕ ಸಣ್ಣದು ಮಾಡ್ಕಂಡು ಕೂತ್ಕತಾಳೆ."

"ಯಾಕೆ ಮಾವ?"

"ಯಾಕೆ ಅಂತೀಯಲ್ಲ ಕಣವ್ವ. ಅದ ಕರ್ದು ಕೊಡಂಗಿಲ್ಲ, ಕೇಳ್ದೋರ್ಗೇ ಕೊಡ್ಬೇಕು. ನಿಮ್ಮವ್ವ ಪದ್ಮಿನಿ ಟೀಚ್ರಮ್ಮ, ಅವ್ಳು ಕೇಳ್ನಿಲ್ಲ. ನಾನು ಕೇಳ್ದೆ. 'ಬೀಡಿ ಸೇದೋ ಬಾಯ್ಲಿ ಅದು ನಿಲ್ಲಾಕಿಲ್ಲ, ಓಗ್ಲಾ' ಅಂದ್ಬುಟ್ಲು. ಇಷ್ಟ್ ವರ್ಸ ಆದ್ಮ್ಯಾಕೆ ನೀನು ಕೇಳ್ದೆ. ಅದೂ ಆಟಕ್ಕೆ!"

ಅತ್ತೆ ಸೌಟು ಹಿಡಿದು ನಿಂತವರು, "ಏನಣ್ಣ ಅದು ಕೇಳದು ಕೊಡದು?" ಎಂದರು.

"ಚೇಳಿನ ಮಂತ್ರ ಕಣಕ್ಕ."

"ಸರೋಯ್ತು. ಕಂಪ್ಯೂಟ್ರು ಸಾಲ್ದೆ ಓಯ್ತಾ?"

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಮಾವ ಹೊರಟ ಮೇಲೆ ಬಾಗಿಲಲ್ಲಿ ನಿಂತು, ಬೆಟ್ಟದ ದಾರಿ ಹಿಡಿದು ಹೋಗುವವರನ್ನು ತುಂಬ ಹೊತ್ತು ನೋಡಿದೆ. ನಿನ್ನ ಜಗಲಿಗೆ ಓಡಿ ಬರುತ್ತಿದ್ದವರೆಲ್ಲ ನೆನಪಾದರು. ಹಸಿ ಬಟ್ಟೆಯಲ್ಲೇ ಬಂದವರು, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಬಂದವರು. ಅವರು ತಿರುಗಿ ಹೋಗುವಾಗ ನಡೆದು ಹೋಗುತ್ತಿದ್ದರು, ಓಡುತ್ತಿರಲಿಲ್ಲ.

ಅಜ್ಜಿ, ಆಟಕ್ಕಲ್ಲ. ನನಗೆ ಬೇಕು. ಕೊಡುತ್ತೀಯಾ?

ಕೋಮಲ


ಯಳಂದೂರು
21-2-26

ಕೋಮಲಳಿಗೆ ಆಶೀರ್ವಾದ.

ಹೋಳಿ ಹುಣ್ಣಿಮೆಯ ಸಂಜೆ ಗ್ರಹಣವಿದೆಯಂತೆ. ಚಂದ್ರ ಗ್ರಹಣ ಹಿಡಿದೇ ಹುಟ್ಟುತ್ತಾನೆ, ಸ್ವಲ್ಪ ಹೊತ್ತಿಗೇ ಬಿಡುತ್ತದೆ ಎಂದು ಮಾದಸ್ವಾಮಿ ಫೋನಿನಲ್ಲಿ ನೋಡಿ ಹೇಳಿದ. ಹೊತ್ತು ಮುಳುಗುವ ಮುಂಚೆ ಬಾ. ಹಳೇ ಸೀರೆ ಉಟ್ಟುಕೊಂಡು ಬಾ. ನಿಮ್ಮ ಅತ್ತೆಗೆ ಹೇಳಿ ಬಾ.

ಅಜ್ಜಿ


ಹನೂರು
6 ಮಾರ್ಚ್ 2026

ನನ್ನ ಅಜ್ಜೀ,

ಹೊಳೆಯಲ್ಲಿ ನಾನು ಹೇಳಿದ್ದು ಯಾವುದೂ ನಿನಗೆ ಕೇಳಿಸಲಿಲ್ಲ. ಅದಕ್ಕೇ ಈ ಕಾಗದ.

"ಗ್ರಾಣದಲ್ಲಿ ಒಸ ಮದ್ಲಗಿತ್ತಿ ಒಳೇಗೋಗಿ ನಿಂತ್ಕತಾಳಾ?" ಎಂದು ಅತ್ತೆ ಒಂದು ವಾರ ಗೊಣಗಿದರು. ಕೊನೆಗೆ ಇವರೇ ಬೈಕಿನಲ್ಲಿ ಕರೆತಂದರು. ಸುವರ್ಣಾವತಿಯಲ್ಲಿ ಸೊಂಟದುದ್ದ ನೀರಿನಲ್ಲಿ ನಿಲ್ಲಬೇಕು ಎಂದು ನೀನು ಹೇಳುತ್ತಾ ಬಂದೆ. ಹೊಳೆ ನೋಡಿದರೆ ನೀರು ಮೊಣಕಾಲಿಗೂ ಇಲ್ಲ! ನಾನು ಅಳುವುದೊಂದು ಬಾಕಿ. ನೀನು ಒಂದು ಗಳಿಗೆ ನೋಡಿದೆ, ಸೀರೆ ಸಮೇತ ನೀರಿನಲ್ಲಿ ಕೂತುಬಿಟ್ಟೆ. "ಕೂತ್ಕೊ. ಕೂತ್ರೆ ಸೊಂಟಕ್ಕೆ ಬತ್ತದೆ" ಎಂದೆ. ದಡದ ಮೇಲೆ ನನ್ನ ಗಂಡ ಬೆನ್ನು ತಿರುಗಿಸಿ ನಿಂತು ನಗುತ್ತಿದ್ದುದು ನನಗೆ ಗೊತ್ತು, ಹೆಗಲು ಕುಣಿಯುತ್ತಿತ್ತು.

ನೀನು ಕಿವಿಯಲ್ಲಿ ಹೇಳಿದೆ. ನಾನು ತಿರುಗಿ ಹೇಳಬೇಕು, ನೀನು ಕೇಳಿ ತಿದ್ದಬೇಕು, ಅದು ಕ್ರಮ. ನಾನು ಹೇಳಿದೆ. ನೀನು ನನ್ನ ಮುಖವನ್ನೇ ನೋಡುತ್ತಾ ಕೂತೆ. ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ನಿನಗೆ ಕೇಳಿಸುವುದಿಲ್ಲ. ಮೂರು ತಿಂಗಳಿಂದ ಇಷ್ಟೆಲ್ಲ ಬರೆದುಕೊಂಡೆವು, ಇದೊಂದನ್ನು ಇಬ್ಬರೂ ಯೋಚಿಸಿರಲಿಲ್ಲ! ದಡದಿಂದ ಮಾವ, "ಬ್ಯಾಗ ಕಣವ್ವಾ, ಚಂದ್ರ ಬುಡಿಸ್ಕತಾ ಅವ್ನೆ!" ಎಂದು ಕೂಗುತ್ತಿದ್ದ.

ಆಗ ನೀನು ನನ್ನ ಗಂಟಲ ಮೇಲೆ ಅಂಗೈ ಇಟ್ಟೆ. ಇನ್ನೊಂದು ಕೈಯಿಂದ ನನ್ನ ಕೈ ಎತ್ತಿ ನಿನ್ನ ಗಂಟಲ ಮೇಲಿಟ್ಟುಕೊಂಡೆ. ನೀನು ಹೇಳಿದಾಗ ಅದು ನನ್ನ ಅಂಗೈಯೊಳಗೆ ನಡುಗಿತು. ಎಲ್ಲಿ ಒತ್ತು, ಎಲ್ಲಿ ಬಿಡುವು, ಎಲ್ಲ. ನಾನು ಹೇಳಿದೆ. ನೀನು ತಲೆ ಅಲ್ಲಾಡಿಸಿದೆ. ಮತ್ತೆ ಹೇಳಿದೆ. ನೀನು ಮತ್ತೆ ತಪ್ಪೆಂದೆ. ಆಮೇಲೆ ಹೇಳಿದಾಗ ನೀನು ಕಣ್ಣು ಮುಚ್ಚಿದೆ, ಕೈ ತೆಗೆಯಲೇ ಇಲ್ಲ.

ಗ್ರಹಣ ಬಿಟ್ಟ ಮೇಲೂ ನಾವು ನೀರಿನಲ್ಲೇ ಕೂತಿದ್ದೆವು. ಆಗ ನಾನು ಹೇಳಿದ್ದು ಇದು: ಚಿಕ್ಕಂದಿನಲ್ಲಿ ಮೂರು ಬೇಸಿಗೆ ನಾನು ಬೇವಿನ ಕಡ್ಡಿ ಹಿಡಿದು ಗೊಂಬೆಗಳ ತೋಳೆಲ್ಲ ನೀವುತ್ತಿದ್ದೆ. ನೀನು ನೋಡುತ್ತಿದ್ದೆ, ಏನೂ ಹೇಳುತ್ತಿರಲಿಲ್ಲ. ಕೇಳಲಿ ಎಂದು ಕಾಯುತ್ತಿದ್ದೆಯಾ? ತಡಮಾಡಿದೆ ನಾನು, ಅಜ್ಜಿ. ಆದರೆ ಬಂದೆ.

ನಿನ್ನವಳು,
ಕೋಮಲ


ಹನೂರು
9 ಮೇ 2026

ಅಜ್ಜೀ!!

ಯುಗಾದಿಯಿಂದ ಈಚೆಗೆ ಬರೆಯಲು ಆಗಲೇ ಇಲ್ಲ, ಬೈದುಕೊಂಡಿರುತ್ತೀಯ. ಎರಡು ಸುದ್ದಿ ಇವೆ. ಮೊದಲು ಆಟದ್ದು.

ಪ್ರಭು ಸರ್ ಬೇಡ ಎಂದ ನಿಯಮವನ್ನು ನಾನು ಬಿಡಲಿಲ್ಲ. ಆಟ ಆಡುವವರ ಕೈಯಲ್ಲಿ ಒಂದು ಹಿಡಿ ಇರುತ್ತದೆ, ಅದು ಮೊಬೈಲಿನ ಹಾಗೆ ನಡುಗಬಲ್ಲದು. ನಮ್ಮ ಆಟದಲ್ಲಿ ಈಗ ಮಂತ್ರಕ್ಕೆ ಮಾತೇ ಇಲ್ಲ. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಕೊಡುವವರು ಗುಂಡಿ ಒತ್ತಿದ ಲಯ ತೆಗೆದುಕೊಳ್ಳುವವರ ಅಂಗೈಯಲ್ಲಿ ನಡುಗುತ್ತದೆ, ಅವರು ಹಾಗೇ ಒತ್ತಿ ತೋರಿಸಬೇಕು. ಸರಿಯಾದಾಗ ಕೊಟ್ಟವರ ಹಿಡಿ ಒಂದು ಸಲ ನಡುಗಿ ಸುಮ್ಮನಾಗುತ್ತದೆ. ಅಲ್ಲಿಗೆ ಮಂತ್ರ ಹೋಯಿತು. ನಿನ್ನದರ ಲಯವನ್ನು ಹಾಕಿಲ್ಲ, ಬೇರೆಯದನ್ನು ಕಟ್ಟಿದೆ.

ಪ್ರಭು ಸರ್ ಆಡುತ್ತಾ ಮಂತ್ರ ಗಳಿಸಿದರು. ಯಾರಿಗೂ ಕೊಡದೆ ಇಟ್ಟುಕೊಂಡರು. ಎಲ್ಲರೂ ಅವರ ಜಗಲಿಗೇ ಓಡಿ ಬಂದು ಬಂದು ಸುಸ್ತಾದರು. ಕೊನೆಗೆ ನಮ್ಮ ತಂಡದ ಹೊಸ ಹುಡುಗಿಗೆ, ಅವಳು ಕೇಳಿದ್ದಕ್ಕೆ, ಕೊಟ್ಟರು. ಆಮೇಲೆ ಆಟ ಬಿಟ್ಟು ಏಳಬಹುದಿತ್ತು. ಏಳಲಿಲ್ಲ. ಖಾಲಿ ಹಿಡಿ ಹಿಡಿದುಕೊಂಡು, ಜನ ಅವಳ ಕಡೆ ಓಡುವುದನ್ನು ನೋಡುತ್ತಾ ಕೂತರು. ಎದ್ದು ಹೋಗುವಾಗ, "ಆ ನಿಯಮ ತೆಗೀಬೇಡ" ಎಂದರು. ಅಷ್ಟೇ ಹೇಳಿದ್ದು!

ಇನ್ನು ಎರಡನೆಯದು. ಮೊನ್ನೆ ಮಧ್ಯಾಹ್ನ ನಡೆದಿದ್ದರಲ್ಲಿ ನಿನ್ನ ಕಡೆಯದು ನನಗೆ ಗೊತ್ತಿಲ್ಲ, ನನ್ನ ಕಡೆಯದು ನಿನಗೆ ಗೊತ್ತಿಲ್ಲ. ನಾನು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಫೋನು ಅಡುಗೆಮನೆಯಲ್ಲಿತ್ತು. ಅತ್ತೆ ಎತ್ತಿದ್ದಾರೆ. ಕೂಡಲೇ ಫೋನನ್ನು ಕೈಯಲ್ಲಿ ಹಿಡಿದು, ಸೆರಗು ಜಾರಿಸಿಕೊಂಡು, ಮಂಡಿನೋವಿನ ಆ ಹೆಂಗಸು ಮೆಟ್ಟಿಲು ಹತ್ತಿ ಓಡಿ ಬಂದರು. "ಕೋಮ್ಲಾ, ಯಳಂದೂರ್ನಿಂದ ಯಾರೋ ರಾಮಮ್ಮ ಅಂತೆ ಕಣವ್ವ, ಅವ್ಳ ಗಂಡಂಗೆ ಚೇಳು ಒಡ್ದದಂತೆ, ಆಸ್ಪತ್ರೆಗೆ ಕರ್ಕಂಡೋಗವ್ರಂತೆ. ನಿಮ್ಮಜ್ಜಿ ನಿನ್ನ ಕೇಳು ಅಂದ್ರಂತೆ!"

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ. ಆಮೇಲೆ ಅತ್ತೆಯನ್ನು ಅಲ್ಲೇ ಕಟ್ಟೆಯ ಮೇಲೆ ಕೂರಿಸಿದೆ, ನೀರು ಕೊಟ್ಟೆ, ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟೆ, ಅವರ ತೋಳು ಹಿಡಿದೆ.

"ನಂಗ್ಯಾಕೆ? ನಂಗೇನೂ ಆಗಿಲ್ವಲ್ಲ!"

"ಓಡಿ ಬಂದವರು ನೀವಲ್ಲವಾ ಅತ್ತೆ?"

ಬೇವಿನ ಸೊಪ್ಪಿರಲಿಲ್ಲ, ಬರಿಗೈಯಿಂದಲೇ ನೀವಿದೆ. ಮಾತು ತಾನಾಗಿ ಬಂತು. ಎಲ್ಲಿಗೆ ಇಳಿಯಿತು ಎಂದು ಕೇಳಿದೆ. ಅತ್ತೆ ನಗಲಿಲ್ಲ. "ಮೊಣಕೈ" ಎಂದರು, ಫೋನಿನಲ್ಲಿ ರಾಮಮ್ಮನೂ ಅದನ್ನೇ ಹೇಳಿದ್ದು ಕೇಳಿಸಿತು. ಬೆರಳಿಗೆ ಬಂದಾಗ ಕೊಡವಿ ಎಂದೆ, ಇಬ್ಬರೂ ಒಟ್ಟಿಗೇ ಕೊಡವಿದರು, ಫೋನಿನಲ್ಲಿ ಬಳೆ ಸದ್ದಾಯಿತು. ಸಂಜೆ ಮಾವ ಫೋನ್ ಮಾಡಿ, ಸೂಜಿ ಹಾಕಿಸಿಕೊಂಡು ಆತ ಮನೆಗೆ ಬಂದ ಎಂದ.

ಇವತ್ತು ಬೆಳಿಗ್ಗೆ ಬೀದಿಯ ಕೊನೆಯ ಮನೆಯ ನಿಂಗಯ್ಯನವರು ಬಾಗಿಲಲ್ಲಿ ನಿಂತು, "ಕೋಮ್ಲಮ್ಮೋರ ಮನೆ ಇದೇನಾ?" ಎಂದು ಕೇಳಿದರು. ಅತ್ತೆ ಒಳಗಿನಿಂದಲೇ, "ಊಂ ಕಣಪ್ಪ, ಮೊದ್ಲು ಕೂತ್ಕಂಡು ನೀರು ಕುಡಿ" ಎಂದರು. ಆತ ಬಂದಿದ್ದು ಹಸುವಿಗೆ ಔಷಧಿ ಕೇಳಲು! ಆದರೂ ಹೆಸರು ಹಿಡಿದು ಕೇಳಿದರಲ್ಲ, ಅಜ್ಜಿ.

ಕುಣಿಯುತ್ತಾ,
ಕೋಮಲ


ಯಳಂದೂರು
16-5-26

ಚಿ. ಸೌ. ಕೋಮಲಳಿಗೆ ಅಜ್ಜಿಯ ಆಶೀರ್ವಾದ.

ನನ್ನ ಕಡೆಯದು ಕೇಳಿದೆ. ರಾಮಮ್ಮ ಓಡಿ ಬಂದಳು. ಅಭ್ಯಾಸ, ನೀರು ಕೊಟ್ಟು ತೋಳು ಹಿಡಿದುಬಿಟ್ಟೆ. ಬಾಯಿ ತೆರೆದರೆ ಏನೂ ಇರಲಿಲ್ಲ. ಇಷ್ಟು ವರ್ಷ ಹೇಳಿದ್ದು, ಮೊದಲ ಮಾತೇ ಬರಲಿಲ್ಲ. ಭಯವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. "ನನ್ತವ ಇಲ್ಲ ಕಣವ್ವ, ಅನೂರಿಗೆ ಓಗ್ಬುಟ್ಟದೆ" ಎಂದೆ. "ಅನೂರ್ಗಂಟ ಎಲ್ಲಿ ಓಡ್ಲಿ?" ಎನ್ನುವಂತೆ ಅವಳ ಮುಖವಿತ್ತು. ಮಾದಸ್ವಾಮಿಯ ಫೋನು ಕೊಡಿಸಿದೆ.

ನನಗೆ ಏನೂ ಕೇಳಿಸಲಿಲ್ಲ. ರಾಮಮ್ಮನ ತೋಳು ಮಾತ್ರ ಬಿಟ್ಟಿರಲಿಲ್ಲ. ಹೆಗಲಿನ ಹತ್ತಿರ ಕಲ್ಲಿನ ಹಾಗಿತ್ತು. ಆಮೇಲೆ ಮೊಣಕೈ ಸಡಿಲವಾಯಿತು. ಆಮೇಲೆ ಮಣಿಕಟ್ಟು. ಅವಳು ಕೊಡವುವ ಮೊದಲೇ ನನಗೆ ಗೊತ್ತಾಯಿತು.

ಅತ್ತೆಗೆ ನನ್ನ ನಮಸ್ಕಾರ ಹೇಳು. ನಿನ್ನ ಆಟದಲ್ಲಿ ಓಡುವವನಿಗೆ ನೀರು ಕೊಡುತ್ತಾರೋ ಇಲ್ಲವೋ ನೀನು ಬರೆಯಲಿಲ್ಲ. ಇಲ್ಲದಿದ್ದರೆ ಸೇರಿಸು.

ನಮ್ಮ ಜಗಲಿಯ ಚೊಂಬನ್ನು ತೊಳೆದು ಒಳಗಿಟ್ಟಿದ್ದೇನೆ. ನೀನು ಒಂದು ಹೊರಗಿಡು.

ಇಂತಿ ನಿನ್ನ ಅಜ್ಜಿ
ರಾಚಮ್ಮ